ಕಜಾನ್‌ನಲ್ಲಿ ಓದುವವರೇ, ಎಲ್ಲಿ ತಿನ್ನೋದು, ಎಲ್ಲಿ ಸುಮ್ನೆ ಕೂರೋದು?

ದೂರದ_ಬೆಣ್ಣೆದೋಸೆ • ಅಕ್ಟೋಬರ್ 6

ಎಲ್ಲರಿಗೂ ನಮಸ್ಕಾರ. ದಾವಣಗೆರೆಯವನು, ಮೆಡಿಕಲ್ ಮೊದಲ ವರ್ಷ. ರಷ್ಯಾದ ಕಜಾನ್‌ಗೆ ಬಂದು ನಾಲ್ಕು ವಾರ ಆಯಿತು. ಹಾಸ್ಟೆಲ್ ಪಕ್ಕದಲ್ಲಿ ನಮ್ಮವರಿಗೆ ಅಂತಲೇ ಒಂದು ಮೆಸ್ ಇದೆ. ಮೂರು ತಿಂಗಳ ದುಡ್ಡು ಮೊದಲೇ ಕಟ್ಟಿಸಿಕೊಂಡರು. ಒಂದು ದಿನ ರಾಜ್ಮಾ, ಆಲೂಗಡ್ಡೆ. ಮರುದಿನ ಆಲೂಗಡ್ಡೆ, ರಾಜ್ಮಾ. ಚಪಾತಿ ಮಡಚಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಅನ್ನದ ಮೇಲೆ ಸುರಿಯೋದಕ್ಕೆ ಹಳದಿ ನೀರು. ಅದನ್ನು ಸಾರು ಅನ್ನೋಕೆ ಬಾಯಿ ಬರೋದಿಲ್ಲ.

ನಾನು ಸಸ್ಯಾಹಾರಿ. ಮೊಟ್ಟೆ ನಡೆಯುತ್ತೆ (ಮನೆಯಲ್ಲಿ ಗೊತ್ತಿಲ್ಲ). ಹೊರಗೆ ಒಂದೇ ಸಲ ಹೋಗಿದ್ದೆ. 'ಬೆಝ್ ಮ್ಯಾಸ' ಅಂದರೆ ಮಾಂಸ ಇಲ್ಲದ್ದು ಅಂತ ಬಾಯಿಪಾಠ ಮಾಡಿಕೊಂಡು ಹೋಗಿ ಧೈರ್ಯವಾಗಿ ಹೇಳಿದೆ. ಆಕೆ ತಲೆಯಾಡಿಸಿ ಒಂದು ಸಲಾಡ್ ತಂದಿಟ್ಟರು. ಅರ್ಧ ತಿಂದ ಮೇಲೆ ಗೊತ್ತಾಯಿತು, ಅದರಲ್ಲಿದ್ದ ಬಿಳಿ ತುಂಡು ಪನೀರ್ ಅಲ್ಲ, ಕೋಳಿ. ಆಮೇಲೆ ಎರಡು ದಿನ ಬರೀ ಬ್ರೆಡ್ಡು, ಬಾಳೆಹಣ್ಣು.

ನನ್ನದು ಎರಡೇ ಪ್ರಶ್ನೆ. ಒಂದು, ನನ್ನಂಥವನು ಹೊರಗೆ ಎಲ್ಲಿ, ಏನು ತಿನ್ನಬಹುದು? ಎರಡು, ಓದಿ ಸಾಕಾದಾಗ ಎಲ್ಲಿ ಹೋಗಿ ಕೂರೋದು? ರೂಮಿನಲ್ಲಿ ಮೂರು ಜನ ಇದ್ದೇವೆ. ಒಬ್ಬ ರಾತ್ರಿ ಎರಡರವರೆಗೆ ಫೋನಲ್ಲಿ ಜಗಳ ಆಡುತ್ತಾನೆ. ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ.

ಶರಾವತಿ_ಟು_ವೋಲ್ಗಾ • ಅಕ್ಟೋಬರ್ 6

ತಮ್ಮಾ, ಬಾ. ನನ್ನದು ಐದನೇ ವರ್ಷ, ಸಾಗರದ ಕಡೆಯವಳು. ಆ ಕೋಳಿ ಸಲಾಡ್ ನಾವೆಲ್ಲರೂ ತಿಂದವರೇ. ಇಲ್ಲಿ 'ಮ್ಯಾಸ' ಅಂದರೆ ದನ, ಹಂದಿ, ಕುರಿ, ಅಷ್ಟೇ. ಕೋಳಿಗೆ ಬೇರೆ ಹೆಸರು, 'ಕೂರಿತ್ಸ'. ಮೀನು 'ರಿಬ'. ಸಾಸೇಜು 'ಕಲ್ಬಸಾ'. ಅದನ್ನಂತೂ ಅವರು ಯಾವ ಲೆಕ್ಕಕ್ಕೂ ಹಿಡಿಯೋದಿಲ್ಲ. ಹಾಗಾಗಿ ಒಂದೊಂದನ್ನೂ ಹೆಸರಿಟ್ಟು ಬೇಡ ಅನ್ನಬೇಕು: 'ಯಾ ನಿ ಯೆಮ್ ಮ್ಯಾಸ, ಕೂರಿತ್ಸು, ರಿಬು, ಕಲ್ಬಸು.' ಸೂಪ್ ಆದರೆ 'ಬುಲ್ಯೋನ್' ಇದೆಯಾ ಅಂತ ಕೇಳು. ಬೋರ್ಶ್ ನೋಡೋಕೆ ಬೀಟ್‌ರೂಟ್ ಸಾರಿನ ಹಾಗಿದ್ದರೂ ಮಾಮೂಲಾಗಿ ಅದನ್ನು ಮೂಳೆ ಬೇಯಿಸಿದ ನೀರಲ್ಲೇ ಮಾಡೋದು.

ಇನ್ನೊಂದು ಪದ ಹೇಳಿಕೊಡ್ತೀನಿ: 'ಪೋಸ್ನಯ'. ಬರೆಯುವಾಗ ನಡುವೆ ಒಂದು 'ತ' ಬರುತ್ತದೆ, ಮಾತಲ್ಲಿ ಕೇಳಿಸೋದಿಲ್ಲ. ಈಸ್ಟರ್‌ಗೆ ಮುಂಚೆ ಏಳು ವಾರ ಇಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಉಪವಾಸ ಹಿಡಿಯುತ್ತಾರೆ. ಆಗ ಅವರಿಗೆ ಮಾಂಸ, ಮೊಟ್ಟೆ, ಹಾಲು ಯಾವುದೂ ಆಗೋದಿಲ್ಲ. ಎಷ್ಟೋ ಹೋಟೆಲುಗಳಲ್ಲಿ ಅವರಿಗೆ ಅಂತ ಪ್ರತ್ಯೇಕ ಮೆನು ಹಾಕುತ್ತಾರೆ. ನಮ್ಮಂಥವರಿಗೆ ಅದೇ ಹಬ್ಬದ ಸೀಸನ್. ಉಳಿದ ತಿಂಗಳಲ್ಲೂ 'ಪೋಸ್ನಯ ಏನಾದರೂ ಇದೆಯಾ' ಅಂದರೆ ಅವರಿಗೆ ಥಟ್ಟನೆ ಅರ್ಥ ಆಗುತ್ತದೆ. 'ವೆಜಿಟೇರಿಯನ್' ಅಂದರೆ ಅಷ್ಟು ಗ್ಯಾರಂಟಿ ಇಲ್ಲ.

ಶುರು ಮಾಡೋದಕ್ಕೆ 'ಸ್ತಲೋವಯ' ಸರಿಯಾದ ಜಾಗ. ನಮ್ಮ ದರ್ಶಿನಿ ಇದ್ದ ಹಾಗೆ, ಆದರೆ ಟ್ರೇ ಹಿಡಿದು ಸಾಲಲ್ಲಿ ಹೋಗಬೇಕು. ಭಾಷೆ ಬೇಕಿಲ್ಲ, ಬೆರಳು ಸಾಕು. ಮೊದಲು ಸಲಾಡ್ ಬರುತ್ತದೆ. 'ವಿನಿಗ್ರೇತ್' ತಗೋ. ಬೀಟ್‌ರೂಟ್, ಆಲೂಗಡ್ಡೆ, ಕ್ಯಾರೆಟ್, ಉಪ್ಪಿನ ಸೌತೆ, ಎಣ್ಣೆ, ಅಷ್ಟೇ. ಆಮೇಲೆ ಬಿಸಿ ಪಾತ್ರೆಗಳು. 'ಗ್ರೇಚ್ಕ' ಅಂದರೆ ಕಂದು ಬಣ್ಣದ ಕಾಳು, ಬೇಯಿಸಿದರೆ ಉದುರುದುರಾಗಿ ನವಣೆ ಅನ್ನದ ಥರ ಇರುತ್ತದೆ. ಪಕ್ಕದಲ್ಲಿ ಬೇಯಿಸಿದ ಎಲೆಕೋಸು, ಆಲೂಗಡ್ಡೆ ಮಸಿದಿದ್ದು. ಕೋಸಿನಲ್ಲಿ ಕೆಲವೊಮ್ಮೆ ಮಾಂಸ ಬಿದ್ದಿರುತ್ತದೆ, ನೋಡಿಕೋ. ಕೊನೆಗೆ 'ಕಂಪೋತ್', ಒಣಹಣ್ಣು ಕುದಿಸಿದ ಪಾನಕ. ಅಲ್ಲಿ ಬ್ರೆಡ್ಡೂ ಹೋಳಿನ ಲೆಕ್ಕ. ಸುಮ್ನೆ ಆರು ಹೋಳು ಎತ್ತಿಕೊಂಡು ಆಮೇಲೆ ಬಿಲ್ ನೋಡಿ ಕಣ್ಣು ಬಿಡಬೇಡ.

ಹುಬ್ಬಳ್ಳಿ_ಗಿರ್ಮಿಟ್ • ಅಕ್ಟೋಬರ್ 7

ಅಕ್ಕಾವ್ರೇ, ಉಕ್ರೋಪ್ ವಿಷಯ ಬಿಟ್ರಲ್ರೀ!

ತಮ್ಮಾ, ಉಕ್ರೋಪ್ ಅಂದರೆ ನಮ್ಮ ಸಬ್ಬಸಿಗೆ ಸೊಪ್ಪು. ಈ ದೇಶದಲ್ಲಿ ಅದನ್ನು ಹಾಕದ ಪದಾರ್ಥ ಇಲ್ಲ. ಸೂಪಿಗೆ ಸಬ್ಬಸಿಗೆ, ಆಲೂಗಡ್ಡೆಗೆ ಸಬ್ಬಸಿಗೆ, ಸಲಾಡಿಗೆ ಸಬ್ಬಸಿಗೆ. ಚಿಪ್ಸ್ ಪ್ಯಾಕೆಟ್ ಒಡೆದೆ, ಅದರಲ್ಲೂ ಸಬ್ಬಸಿಗೆ. ನಾನು ಬಂದ ಮೊದಲ ತಿಂಗಳು 'ಬೆಝ್ ಉಕ್ರೋಪ' ಅಂತ ಬೇಡಿಕೊಳ್ಳುತ್ತಿದ್ದೆ. ಈಗ ಕಟ್ಟು ತಂದು ಅಕ್ಕಿರೊಟ್ಟಿಗೆ ಹಾಕಿಕೊಂಡು ತಿನ್ನುತ್ತೇನೆ. ಸೋತು ಗೆಲ್ಲೋದು ಅಂದರೆ ಇದೇ ನೋಡು.

ಕಡಲೂರಿನವ • ಅಕ್ಟೋಬರ್ 7

ನಾನು ಮಂಗಳೂರಿನವನು, ಮೂರನೇ ವರ್ಷ. ಹಲಾಲ್ ಬೇಕಿದ್ದವರಿಗೆ ಹೇಳುತ್ತೇನೆ. ರಷ್ಯಾದಲ್ಲಿ ಇದಕ್ಕಿಂತ ಸಲೀಸಾದ ಊರು ನಾನು ನೋಡಿಲ್ಲ. ಇದು ತತಾರ್‌ಸ್ತಾನದ ರಾಜಧಾನಿ. ತತಾರರಲ್ಲಿ ಹೆಚ್ಚಿನವರು ಮುಸ್ಲಿಮರು. ಅಂಗಡಿಯಲ್ಲಿ ಹಲಾಲ್ ಕಪಾಟೇ ಬೇರೆ ಇರುತ್ತದೆ.

ಉಜ್ಬೆಕ್ 'ಚಾಯ್‌ಖಾನ'ಗಳಿಗೆ ಹೋಗಿ. ಪ್ಲೋವ್ ಅಂದರೆ ನಮ್ಮ ಪಲಾವ್‌ನ ಅಣ್ಣ. ಅದಕ್ಕೆ ಹಾಕುವ 'ಜಿರಾ' ನಮ್ಮ ಜೀರಿಗೆಯೇ. ಬಾಗಿಲು ತೆಗೆದ ಕೂಡಲೇ ಆ ವಾಸನೆಗೆ ನನಗೆ ಮನೆ ನೆನಪಾಗಿತ್ತು. ಸಸ್ಯಾಹಾರಿಗಳಿಗೂ ಅಲ್ಲಿ ಒಂದು ಐಟಂ ಉಂಟು: 'ಸಮ್ಸಾ ಸ್ ತಿಕ್ವಯ್'. ಸಮೋಸಾದ ಬಂಧು, ತಂದೂರಿನಲ್ಲಿ ಸುಟ್ಟದ್ದು, ಒಳಗೆ ಕುಂಬಳಕಾಯಿ. ಕೆಲವರು ಅದಕ್ಕೆ ಕೊಬ್ಬು ಸೇರಿಸುತ್ತಾರೆ, ಕೇಳಿ ತಗೊಳ್ಳಿ.

ಮಾಂಸ ತಿನ್ನುವವರಿಗೂ ಒಂದು ಕಿವಿಮಾತು. 'ಕಜಿಲಿಕ್' ಅಂದರೆ ಕುದುರೆ ಮಾಂಸದ ಸಾಸೇಜು. ಇಲ್ಲಿ ಅದಕ್ಕೆ ಬಹಳ ಮರ್ಯಾದೆ, ಅತಿಥಿ ಬಂದರೆ ತೆಳ್ಳಗೆ ಕತ್ತರಿಸಿ ಇಡುತ್ತಾರೆ. ಗೊತ್ತಿದ್ದು ತಿನ್ನಿ.

ಶರಾವತಿ_ಟು_ವೋಲ್ಗಾ • ಅಕ್ಟೋಬರ್ 8

ಈಗ ತತಾರ್ ಅಡುಗೆಗೆ ಬರೋಣ. ನಮ್ಮ ಹುಡುಗರು ಆರು ವರ್ಷ ಇದೇ ಊರಲ್ಲಿದ್ದು ಅದನ್ನೇ ಮುಟ್ಟದೆ ವಾಪಸ್ ಹೋಗುತ್ತಾರೆ. ಮೆಸ್ಸಿನ ರಾಜ್ಮಾ ಬೈಯುತ್ತಾ ಬೈಯುತ್ತಾ ಡಿಗ್ರಿ ಮುಗಿಸುತ್ತಾರೆ. ನನಗೆ ಅದು ಅರ್ಥವೇ ಆಗಿಲ್ಲ.

'ಕಿಸ್ತಿಬಿ' ಅಂತ ಒಂದಿದೆ. ಹುಳಿ ಬರಿಸದ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ ಎಣ್ಣೆ ಇಲ್ಲದ ಕಾವಲಿಯ ಮೇಲೆ ಸುಡುತ್ತಾರೆ. ಬಿಸಿ ಇರುವಾಗಲೇ ಅರ್ಧ ಭಾಗಕ್ಕೆ ಹಾಲು, ಬೆಣ್ಣೆ ಹಾಕಿ ಮಸಿದ ಆಲೂಗಡ್ಡೆ ಹರಡಿ, ಮಡಚಿ, ಮೇಲೆ ಕರಗಿದ ಬೆಣ್ಣೆ ಸವರುತ್ತಾರೆ. ಕೈಗೆ ಬಂದಾಗ ಮೆತ್ತಗೆ, ಅಂಚಿನಲ್ಲಿ ಬೆಣ್ಣೆ ಇಳಿಯುತ್ತಾ ಇರುತ್ತದೆ. ಖಾರ ಇಲ್ಲ, ಮಸಾಲೆ ಇಲ್ಲ. ಚಟ್ನಿಪುಡಿಯ ಸಣ್ಣ ಡಬ್ಬಿ ಚೀಲದಲ್ಲಿ ಇದ್ದರೆ ಆ ಕೊರತೆಯೂ ಇಲ್ಲ. ದಾವಣಗೆರೆಯವನಿಗೆ ಬೆಣ್ಣೆಯ ಬಗ್ಗೆ ನಾನು ಹೇಳಿಕೊಡಬೇಕಾ?

'ಎಚ್‌ಪೋಚ್ಮಾಕ್' ಮೂರು ಮೂಲೆಯದು. ಒಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ. ನಿನಗಲ್ಲ. 'ಗುಬಾದಿಯಾ' ಸಿಹಿ ಕಡುಬಿನ ಥರ, ಪದರ ಪದರವಾಗಿ ಅನ್ನ, ಒಣದ್ರಾಕ್ಷಿ, ಮೊಟ್ಟೆ, 'ಕೋರ್ತ್' ಅನ್ನುವ ಕೆಂಪಗೆ ಕಾಯಿಸಿದ ಮೊಸರಿನ ಗಿಣ್ಣು ಇರುತ್ತದೆ. ಮಾಂಸ ಹಾಕಿದ್ದೂ ಬರುತ್ತದೆ, ಸಿಹಿಯದನ್ನೇ ಕೇಳು.

ಎಲ್ಲಿ ಸಿಗುತ್ತೆ? ಬೌಮನ್ ರಸ್ತೆಯ 'ದೋಮ್ ಚಾಯಾ' ಹಳೇ ಕಾಲದ ಜಾಗ, ಕಿಸೆಗೆ ಭಾರ ಇಲ್ಲ. 'ತುಬತೈ' ಅಂತ ತತಾರ್ ಫಾಸ್ಟ್‌ಫುಡ್ ಅಂಗಡಿಗಳಿವೆ. ಅದೂ ಬೇಡ, ಹಾಸ್ಟೆಲ್‌ಗೇ ಒಯ್ಯಬೇಕು ಅಂದರೆ 'ಬಹೆತ್ಲೆ' ಸೂಪರ್‌ಮಾರ್ಕೆಟ್. ಅದು ಇದೇ ಊರಿನ ಅಂಗಡಿ, ಒಳಗೆ ಮಾಡಿಟ್ಟ ಅಡುಗೆಯ ಕೌಂಟರ್ ಇರುತ್ತದೆ. 'ದೋಮ್ ತತಾರ್ಸ್ಕಯ್ ಕುಲಿನಾರಿಯೀ' ದೊಡ್ಡ ಹೋಟೆಲ್. ಅಪ್ಪ ಅಮ್ಮ ಬಂದಾಗ ಅವರ ದುಡ್ಡಲ್ಲಿ ಹೋಗು.

ಹುಬ್ಬಳ್ಳಿ_ಗಿರ್ಮಿಟ್ • ಅಕ್ಟೋಬರ್ 8

ಬೌಮನ್ ರಸ್ತೆ ಪ್ರವಾಸಿಗರದ್ದು ರೀ ಅಕ್ಕಾ. ಬೆಕ್ಕಿನ ಪ್ರತಿಮೆ ಮುಂದೆ ಫೋಟೊ ಹೊಡೆಸಿಕೊಳ್ಳೋರ ಸಾಲು, ಎರಡು ಹೆಜ್ಜೆಗೊಬ್ಬ ಗಿಟಾರ್ ಹಿಡಿದವನು. ಓದೋ ಹುಡುಗನಿಗೆ ಅಲ್ಲೇನಿದೆ?

ಆದರೆ ಚಕ್‌ಚಕ್ ಬಗ್ಗೆ ನಾನು ಹೇಳಲೇಬೇಕು. ಹಿಟ್ಟನ್ನು ಸಣ್ಣ ಸಣ್ಣ ತುಂಡು ಮಾಡಿ, ಕರಿದು, ಜೇನು ಸುರಿದು ಗುಡ್ಡೆ ಕಟ್ಟುತ್ತಾರೆ. ನೋಡಿದ ತಕ್ಷಣ ನನಗೆ ಅನ್ನಿಸಿದ್ದು, 'ಇದು ನಮ್ಮ ಲಡಗಿ ಉಂಡಿ ಅಲ್ವಾ!' ನಾವು ಕಡಲೆಹಿಟ್ಟಿನ ಸೇವಿಗೆ ಬೆಲ್ಲದ ಪಾಕ ಹಾಕಿ ಉಂಡೆ ಕಟ್ಟುತ್ತೇವೆ. ಇವರು ಮೈದಾಗೆ ಮೊಟ್ಟೆ ಹಾಕಿ ನಾದಿ, ಕರಿದು, ಜೇನು ಹಾಕುತ್ತಾರೆ. ಹಲ್ಲಿಗೆ ಅಂಟೋದು ಮಾತ್ರ ಒಂದೇ ಥರ. 2024ರ ಅಕ್ಟೋಬರ್‌ನಲ್ಲಿ ಬ್ರಿಕ್ಸ್ ಸಭೆಗೆ ನಮ್ಮ ಪ್ರಧಾನಿ ಬಂದಾಗ ವಿಮಾನ ನಿಲ್ದಾಣದಲ್ಲಿ ತಟ್ಟೆಯಲ್ಲಿ ಹಿಡಿದು ನಿಂತಿದ್ದೂ ಇದನ್ನೇ.

ಹಳೇ ತತಾರ್ ಪೇಟೆಯಲ್ಲಿ ಚಕ್‌ಚಕ್ ಮ್ಯೂಸಿಯಂ ಇದೆ. ಮರದ ಮನೆ, ಸಮೊವಾರ್, ಕಥೆ ಹೇಳೋರು, ಕೊನೆಗೆ ಚಹಾ ಮತ್ತು ಸಿಹಿ. ಆ ಚಹಾಕ್ಕಾದರೂ ಹೋಗಿ. ರಷ್ಯನ್ನರು ಕಪ್ಪು ಚಹಾಕ್ಕೆ ನಿಂಬೆಹೋಳು ಹಾಕಿ ಕೊಡುತ್ತಾರೆ. ತತಾರರದ್ದು ನಮ್ಮ ಹಾಗೆ ಹಾಲಿನ ಚಹಾ. ಹೆಸರೂ 'ಚಾಯ್'. ಕುಡಿದು 'ರೆಖ್ಮೆತ್' ಅಂದರೆ ಅಜ್ಜಿಯಂದಿರು ಇನ್ನೊಂದು ತುಂಡು ಹಾಕುತ್ತಾರೆ. ಅದು ತತಾರ್ ಭಾಷೆಯ ಥ್ಯಾಂಕ್ಸ್. ನಾನು ಆ ಒಂದು ಪದದಿಂದಲೇ ಎಷ್ಟೋ ತಿಂದಿದ್ದೇನೆ.

ಉಳಿತಾಯ_ಮಾಡ್ರಪ್ಪ • ಅಕ್ಟೋಬರ್ 9

ಇಷ್ಟೆಲ್ಲ ಯಾಕೆ? ಅಪ್ಪ ಸಾಲ ಮಾಡಿ ಕಳಿಸಿದ್ದಾರೆ. ರೂಮಲ್ಲಿ ಅನ್ನ ಮಾಡಿಕೊಂಡು ಓದಿ. ಕೆಫೆ, ಮ್ಯೂಸಿಯಂ ಎಲ್ಲ ಡಾಕ್ಟರ್ ಆದ ಮೇಲೆ.

ಶರಾವತಿ_ಟು_ವೋಲ್ಗಾ • ಅಕ್ಟೋಬರ್ 9

ನಾನೂ ಸಾಲದಲ್ಲೇ ಬಂದವಳು ಅಣ್ಣಾ. ಮೊದಲ ಚಳಿಗಾಲ ನೀವು ಹೇಳಿದ ಹಾಗೇ ಮಾಡಿದೆ. ಕಾಲೇಜು, ರೂಮು, ಕುಕ್ಕರ್. ಫೆಬ್ರವರಿ ಹೊತ್ತಿಗೆ ಪುಸ್ತಕ ತೆಗೆದರೆ ಅಳು ಬರುತ್ತಿತ್ತು. ವಾರಕ್ಕೆ ಒಂದು ಸಲ ಸ್ತಲೋವಯಕ್ಕೆ ಹೋದರೆ ಯಾರ ಮನೆಯೂ ಮುಳುಗೋದಿಲ್ಲ. ಕೆಲಸದ ದಿನ ಮಧ್ಯಾಹ್ನ ಎಷ್ಟೋ ಹೋಟೆಲುಗಳಲ್ಲಿ 'ಬಿಜ್ನೆಸ್ ಲಂಚ್' ಇರುತ್ತದೆ. ಸಲಾಡ್, ಸೂಪ್, ಒಂದು ಬಿಸಿ ಪದಾರ್ಥ, ಎಲ್ಲ ಸೇರಿ ಒಂದೇ ರೇಟು. ಅದೇ ಜಾಗಕ್ಕೆ ರಾತ್ರಿ ಹೋದರೆ ಜೇಬು ಖಾಲಿ.

ಅಡುಗೆ ಮಾಡಿಕೊಳ್ಳೋದೂ ಬೇಕು, ಅದು ಸರಿ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ, ನಾಳೆ ಪೆಥಾಲಜಿ ಇದೆ.

ಮೈಸೂರಿನ_ಅಮ್ಮ • ಅಕ್ಟೋಬರ್ 11

ಮಕ್ಕಳೇ, ನನ್ನ ಮಗಳೂ ಅಲ್ಲೇ ಮೊದಲ ವರ್ಷ ಓದುತ್ತಿದ್ದಾಳೆ. ಫೋನ್ ಮಾಡಿದರೆ 'ಊಟ ಆಯ್ತು' ಅಂತಷ್ಟೇ ಹೇಳುತ್ತಾಳೆ. ಏನು ಊಟ ಅಂದರೆ ಮಾತು ಬದಲಾಯಿಸುತ್ತಾಳೆ. ಜನವರಿಯಲ್ಲಿ ನಮ್ಮ ಪರಿಚಯದವರು ಅಲ್ಲಿಗೆ ಬರುತ್ತಿದ್ದಾರೆ. ಏನು ಕಳಿಸಲಿ? ಏನು ಅಲ್ಲೇ ಸಿಗುತ್ತದೆ?

ಶರಾವತಿ_ಟು_ವೋಲ್ಗಾ • ಅಕ್ಟೋಬರ್ 12

ಅಮ್ಮ, ನೀವು ಅಕ್ಕಿ, ರವೆ, ಎಣ್ಣೆ ಕಳಿಸಬೇಡಿ. ಬ್ಯಾಗಿನ ತೂಕ ದಂಡ.

ರವೆಗೆ ಇಲ್ಲಿ 'ಮಾನ್ಕ' ಅನ್ನುತ್ತಾರೆ. ಇವರು ಅದನ್ನು ಹಾಲಲ್ಲಿ ಗಂಜಿ ಮಾಡಿ ಮಕ್ಕಳಿಗೆ ಕುಡಿಸುತ್ತಾರೆ. ನಾವು ಹುರಿದು ಉಪ್ಪಿಟ್ಟು ಮಾಡುತ್ತೇವೆ. ಸ್ವಲ್ಪ ನಯ ಜಾಸ್ತಿ, ನೀರು ಕಮ್ಮಿ ಹಾಕಬೇಕು. 'ಪ್ಷೆನೋ' ಅಂದರೆ ಬರಗು. ನಮ್ಮಲ್ಲಿ ಸಿರಿಧಾನ್ಯ ಅಂತ ದುಬಾರಿ ಬೆಲೆಗೆ ಮಾರುವುದನ್ನು ಇಲ್ಲಿ ಬಡವರ ಗಂಜಿ ಅಂತ ಅಗ್ಗಕ್ಕೆ ಕೊಡುತ್ತಾರೆ. ತೊಗರಿಬೇಳೆ ಸಾಮಾನ್ಯ ಅಂಗಡಿಯಲ್ಲಿ ಇರೋದಿಲ್ಲ. 'ಕೋಲತಿ ಗರೋಖ್' ಅಂದರೆ ಒಡೆದ ಬಟಾಣಿ ಬೇಳೆ, ಅದರಲ್ಲಿ ಸಾರು ಮಾಡಿದರೆ ಮೂಗು ಮುಚ್ಚಿಕೊಂಡು ತಿನ್ನುವಷ್ಟೇನೂ ಕೆಟ್ಟದಾಗಿರಲ್ಲ. ಕೆಂಪು 'ಚೆಚೆವಿತ್ಸ' ನಮ್ಮ ಮಸೂರ್ ಬೇಳೆ. ಸೂರ್ಯಕಾಂತಿ ಎಣ್ಣೆ ಈ ದೇಶದ್ದೇ. ಮೊಸರಿಗೆ ಕೆಫೀರ್. ಅನ್ನಕ್ಕೆ ಕಲಸಿ ಒಗ್ಗರಣೆ ಹಾಕಿದರೆ ಮೊಸರನ್ನವೇ, ಒಂಚೂರು ನೊರೆನೊರೆ ಇರುತ್ತದೆ. ಕಾಯಿತುರಿಗೆ ಕೇಕ್ ಸಾಮಾನಿನ ಕಪಾಟಿನಲ್ಲಿ 'ಕಕೋಸವಯ ಸ್ತ್ರೂಷ್ಕ' ಇರುತ್ತದೆ. ಇಡೀ ತೆಂಗಿನಕಾಯಿ ಕೂಡ ಸಿಗುತ್ತದೆ, ಆದರೆ ಒಡೆದರೆ ಕೊಳೆತಿರುವುದೇ ಜಾಸ್ತಿ.

ಕಳಿಸಬೇಕಾದ್ದು: ಸಾರಿನ ಪುಡಿ, ಹುಣಸೆಹಣ್ಣು, ಇಂಗು, ಮೆಂತ್ಯ, ರಾಗಿಹಿಟ್ಟು, ನೆರಳಲ್ಲಿ ಒಣಗಿಸಿದ ಕರಿಬೇವು. ಮೂರು ಲೀಟರ್ ಕುಕ್ಕರ್ ಇಲ್ಲದಿದ್ದರೆ ಅದು ಮೊದಲು. ಗ್ಯಾಸ್ಕೆಟ್ ಎರಡು ಜಾಸ್ತಿ ಇಡಿ, ಇಲ್ಲಿ ಯಾವ ಅಂಗಡಿಯಲ್ಲೂ ಸಿಗಲ್ಲ.

ಮತ್ತೆ, ಅಮ್ಮ, ಅವಳು ಮಾತು ಬದಲಾಯಿಸುತ್ತಾಳೆ ಅಂದರೆ ಬಹುಶಃ ಅವತ್ತು ನೂಡಲ್ಸ್ ತಿಂದಿರುತ್ತಾಳೆ. ಬೈಯಬೇಡಿ.

ದೂರದ_ಬೆಣ್ಣೆದೋಸೆ • ಅಕ್ಟೋಬರ್ 19

ಅಕ್ಕಾ, ಒಗ್ಗರಣೆ ಬಗ್ಗೆ ಎಚ್ಚರಿಕೆ ಕೊಡಬೇಕಿತ್ತು ನೀವು.

ನಿನ್ನೆ ರಾತ್ರಿ ನಮ್ಮ ಮಹಡಿಯ ಅಡುಗೆಮನೆಯಲ್ಲಿ ಬಟಾಣಿ ಬೇಳೆ ಸಾರಿಗೆ ಒಣಮೆಣಸಿನಕಾಯಿ, ಸಾಸಿವೆ ಹಾಕಿದೆ. ಕಿಟಕಿಗೆ ಚಳಿಗಾಲದ ಟೇಪ್ ಅಂಟಿಸಿಬಿಟ್ಟಿದ್ದರು. ಮೊದಲು ಕೆಮ್ಮು. ಆಮೇಲೆ ಅಲಾರಂ. ಆಮೇಲೆ ಐದು ಮಹಡಿಯವರು ಚಪ್ಪಲಿಯಲ್ಲೇ ಹೊರಗೆ, ಹೊರಗೆ ಸೊನ್ನೆ ಡಿಗ್ರಿ. ಗೇಟಿನ ಅಜ್ಜಿ ಮೇಲೆ ಬಂದು ಕುಕ್ಕರ್ ಮುಚ್ಚಳ ತೆಗೆಸಿ ಮೂಸಿ ನೋಡಿದರು. ನನಗೆ ಅರ್ಥವಾಗಿದ್ದು ಎರಡೇ ಪದ, 'ಉಜಾಸ್' ಮತ್ತು 'ಗರೋಖ್'. ಒಂದು ಅಯ್ಯೋ ಘೋರ ಅಂತ, ಇನ್ನೊಂದು ಬಟಾಣಿ.

ಇವತ್ತು ಬೆಳಿಗ್ಗೆ ಅದೇ ಅಜ್ಜಿ ಕರೆದು ಒಂದು ಬಾಟಲಿ ಮನೆಯ ಉಪ್ಪಿನ ಸೌತೆಕಾಯಿ ಕೊಟ್ಟರು. ಅದರಲ್ಲೂ ಸಬ್ಬಸಿಗೆ.

ಕಡಲೂರಿನವ • ಅಕ್ಟೋಬರ್ 19

ಹೆಹೆ. ಮೆಣಸಿನಕಾಯಿಯನ್ನು ಕಡೆಗೆ, ಒಲೆ ಆರಿಸಿದ ಮೇಲೆ ಹಾಕು ಮಾರಾಯ. ನಾವೆಲ್ಲ ಕಲಿತದ್ದು ಹಾಗೆಯೇ.

ನಿರ್ವಾಹಕ • ಅಕ್ಟೋಬರ್ 20

ಮೆಸ್ ನಡೆಸುವವರ ಹೆಸರು, ಫೋನ್ ನಂಬರ್ ಹಾಕಿದ್ದ ಎರಡು ಉತ್ತರ ತೆಗೆದಿದ್ದೇನೆ. ಊಟ ಬೈಯಿರಿ, ಜನರನ್ನು ಬೇಡ.

ಹಳೇ_ಮಾಸ್ಕೋ_ಹುಡುಗ • ಅಕ್ಟೋಬರ್ 22

ನಾನು ಓದಿದ್ದು ಮಾಸ್ಕೋದಲ್ಲಿ, ಸೋವಿಯತ್ ಕಾಲದ ಕೊನೆಯಲ್ಲಿ. ನಿಮ್ಮ ಪಟ್ಟಿ ನೋಡಿ ಹೊಟ್ಟೆಕಿಚ್ಚಾಯಿತು. ನಮಗೆ ಇದ್ದಿದ್ದು ಸ್ತಲೋವಯ ಒಂದೇ. 1990ರ ಜನವರಿಯಲ್ಲಿ ಪುಷ್ಕಿನ್ ಚೌಕದಲ್ಲಿ ಮೊದಲ ಮೆಕ್‌ಡೊನಾಲ್ಡ್ಸ್ ಬಂತು. ಹಿಮದಲ್ಲಿ ಗಂಟೆಗಟ್ಟಲೆ ನಿಂತು ನಾನು ತಿಂದದ್ದು ಬರೀ ಆಲೂಗಡ್ಡೆ ಫ್ರೈ. ಆದರೂ ಊರಿಗೆ ಕಾಗದ ಬರೆದಿದ್ದೆ.

ಹುಬ್ಬಳ್ಳಿ_ಗಿರ್ಮಿಟ್ • ಅಕ್ಟೋಬರ್ 22

ಸಾರ್, ಅದು 2022ರಲ್ಲಿ ಹೋಯಿತು. ಈಗ ಅದೇ ಅಂಗಡಿಗಳು 'ವ್ಕುಸ್ನ ಇ ತೋಚ್ಕ'. ಅಂದರೆ 'ರುಚಿ, ಅಷ್ಟೇ'. ಫ್ರೈ ಈಗಲೂ ಇದೆ.

ಹೊಸಬರಿಗೆ ಇದರ ಜೊತೆ ಒಂದು ಮಾತು. ಊರಿನ ಬ್ಯಾಂಕಿನ ವೀಸಾ, ಮಾಸ್ಟರ್‌ಕಾರ್ಡ್ ಇಲ್ಲಿ ಎಲ್ಲೂ ನಡೆಯೋದಿಲ್ಲ, 2022ರ ಮಾರ್ಚ್‌ನಿಂದ. ಇಲ್ಲಿಯ ಬ್ಯಾಂಕಿನಲ್ಲಿ ಖಾತೆ ತೆಗೆದು 'ಮೀರ್' ಕಾರ್ಡ್ ಮಾಡಿಸಿಕೊಳ್ಳಿ. ಅಲ್ಲಿಯವರೆಗೆ ನೋಟು ಇಟ್ಟುಕೊಂಡೇ ಹೋಟೆಲಿಗೆ ಹೋಗಿ. ತಿಂದ ಮೇಲೆ ಗೊತ್ತಾದರೆ ಕಷ್ಟ. ಯಾರಿಗಾಯಿತು ಅಂತ ಕೇಳಬೇಡಿ.

ದೂರದ_ಬೆಣ್ಣೆದೋಸೆ • ಡಿಸೆಂಬರ್ 14

ಊಟದ ಪ್ರಶ್ನೆ ಬಹುತೇಕ ಮುಗಿಯಿತು. ಮೆಸ್ ಬಿಟ್ಟೆ. ಈಗ ಎರಡನೇ ಪ್ರಶ್ನೆ.

ಮಧ್ಯಾಹ್ನ ಮೂರಕ್ಕೇ ಕತ್ತಲು. ಬೆಳಿಗ್ಗೆ ಎಂಟಾದರೂ ಬೆಳಕಿಲ್ಲ. ಕ್ಲಾಸಿಗೆ ಹೋಗುವಾಗಲೂ ಬೀದಿದೀಪ, ಬರುವಾಗಲೂ ಬೀದಿದೀಪ. ಮೊನ್ನೆ ಇಪ್ಪತ್ತೆರಡು ಮೈನಸ್. ಮೂಗಿನ ಕೂದಲು ಹೆಪ್ಪುಗಟ್ಟುತ್ತೆ ಅಂತ ಯಾರೂ ಹೇಳಿರಲಿಲ್ಲ. ಭಾನುವಾರ ಇಡೀ ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಯಾಕೆ ಬಂದೆ ಅನ್ನಿಸುತ್ತಿದೆ.

ಶರಾವತಿ_ಟು_ವೋಲ್ಗಾ • ಡಿಸೆಂಬರ್ 14

ಅದು ನಿನ್ನೊಬ್ಬನಿಗೆ ಅಲ್ಲ. ಮೊದಲ ಡಿಸೆಂಬರ್ ಎಲ್ಲರಿಗೂ ಹಾಗೇ. ನಾಳೆ ಕ್ಲಾಸ್ ಮುಗಿದ ಮೇಲೆ ರೂಮಿಗೆ ಹೋಗಬೇಡ. ಸೀದಾ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗು. ಪುಷ್ಕಿನ್ ರಸ್ತೆಯ ದೊಡ್ಡ ಕಟ್ಟಡ, ಕಬಾನ್ ಕೆರೆಯ ಹತ್ತಿರ. ಲೆನಿನ್ ಸ್ಮಾರಕ ಅಂತ ಕಟ್ಟಿದ್ದು, 2020ರಲ್ಲಿ ಗ್ರಂಥಾಲಯವನ್ನು ಅಲ್ಲಿಗೆ ತಂದರು. ಒಳಗೆ ಬೆಚ್ಚಗೆ, ಬೆಳಕು ಚೆನ್ನಾಗಿದೆ, ಕಾಫಿ ಸಿಗುತ್ತದೆ. ಯಾರೂ 'ಏನು ಆರ್ಡರ್' ಅಂತ ಬಂದು ನಿಲ್ಲೋದಿಲ್ಲ. ನಾನು ಫಾರ್ಮಕಾಲಜಿ ಇಡೀ ಅಲ್ಲೇ ಓದಿದ್ದು. ಓದದೇ ಇದ್ದ ದಿನವೂ ಹೋಗಿದ್ದೇನೆ, ಸುಮ್ನೆ ಜನರನ್ನು ನೋಡೋಕೆ.

ಒಂದು ಸಣ್ಣ ಕೆಲಸ ಮಾಡಿಕೋ. ಇಲ್ಲಿ ಎಲ್ಲಿ ಹೋದರೂ ಕೋಟು ಬಿಚ್ಚಿ 'ಗರ್ದಿರೋಪ್'ನಲ್ಲಿ ಕೊಡಬೇಕು, ನಂಬರಿನ ಬಿಲ್ಲೆ ಕೊಡುತ್ತಾರೆ. ಕೋಟಿನ ಕುತ್ತಿಗೆ ಹಿಂದೆ ನೇತುಹಾಕುವ ಕುಣಿಕೆ ಇಲ್ಲದಿದ್ದರೆ ಅಲ್ಲಿನ ಅಜ್ಜಿ ಬೈಯುತ್ತಾರೆ. 'ಪೆತೆಲ್ಕ ಎಲ್ಲಿ?' ಅಂತ. ಇವತ್ತೇ ಸೂಜಿ ದಾರ ತಗೊಂಡು ಒಂದು ಲಾಡಿ ಹೊಲಿದುಕೋ. ನಾನು ಹಳೇ ಚೂಡಿದಾರದ ಲಾಡಿ ಹೊಲಿದಿದ್ದೆ, ಇವತ್ತಿಗೂ ಗಟ್ಟಿ.

ಕಡಲೂರಿನವ • ಡಿಸೆಂಬರ್ 14

ಸಂಜೆ 'ಚೋರ್ನಯ ಓಜಿರ' ಪಾರ್ಕಿಗೆ ಬಾ. ಹೆಸರು ಕಪ್ಪುಕೆರೆ ಅಂತ, ಊರ ನಡುವೆ ಉಂಟು. ಚಳಿಗಾಲದಲ್ಲಿ ನೀರು ಬಿಟ್ಟು ಐಸ್ ಮಾಡಿ ಸ್ಕೇಟಿಂಗ್‌ಗೆ ಬಿಡುತ್ತಾರೆ. ಶೂ ಬಾಡಿಗೆಗೆ ಸಿಗುತ್ತದೆ. ನಾನು ಸಮುದ್ರದ ಕರೆಯ ಜನ, ಐಸ್ ನೋಡಿದ್ದು ಮೀನಿನ ಪೆಟ್ಟಿಗೆಯಲ್ಲಿ ಮಾತ್ರ. ಮೊದಲ ದಿನ ಹನ್ನೊಂದು ಸಲ ಬಿದ್ದೆ. ಆರು ವರ್ಷದ ಹುಡುಗಿಯೊಬ್ಬಳು ಬಂದು ಕೈ ಹಿಡಿದು ಎಬ್ಬಿಸಿದಳು. ಶುಕ್ರವಾರ ಆರಕ್ಕೆ ನಾವು ನಾಲ್ಕು ಜನ ಹೋಗುತ್ತೇವೆ. ಎರಡು ಜೊತೆ ಪ್ಯಾಂಟು ಹಾಕಿಕೊಂಡು ಬಾ.

ಹುಬ್ಬಳ್ಳಿ_ಗಿರ್ಮಿಟ್ • ಡಿಸೆಂಬರ್ 15

ದುಡ್ಡಿಲ್ಲದೆ ಹೊತ್ತು ಕಳೆಯೋಕೆ ನನ್ನ ಲೆಕ್ಕ ಹೇಳ್ತೀನಿ. ಮೆಟ್ರೊ ಹತ್ತು. ಒಂದೇ ಲೈನ್, ಹನ್ನೊಂದು ಸ್ಟೇಷನ್, ದಾರಿ ತಪ್ಪೋಕೆ ಸಾಧ್ಯವೇ ಇಲ್ಲ. 'ಕೋಝ್ಯ ಸ್ಲಬದಾ'ದಲ್ಲಿ ಇಳಿ. ಹೆಸರಿನ ಅರ್ಥ ಆಡಿನ ಪೇಟೆ. ಅಲ್ಲಿಂದ ನಡೆದರೆ ಕಜಾಂಕಾ ನದಿ ದಂಡೆಯಲ್ಲಿ ದೊಡ್ಡ ಹಂಡೆಯ ಆಕಾರದ ಕಟ್ಟಡ ಇದೆ, ಮದುವೆ ನೋಂದಣಿ ಮಾಡೋ ಜಾಗ. 'ಕಜಾನ್' ಅಂದರೆ ತತಾರ್ ಭಾಷೆಯಲ್ಲಿ ಹಂಡೆ, ಅದಕ್ಕೇ ಆ ಆಕಾರ. ಮೇಲೆ ಹತ್ತಿದರೆ ಹೆಪ್ಪುಗಟ್ಟಿದ ನದಿ, ಆಚೆ ಕ್ರೆಮ್ಲಿನ್ ಅನ್ನೋ ಈ ಊರಿನ ಕೋಟೆ, ಕುಲ್ ಶರೀಫ್ ಮಸೀದಿಯ ನೀಲಿ ಗುಮ್ಮಟ, ಪಕ್ಕದಲ್ಲೇ ಚರ್ಚಿನ ಗುಮ್ಮಟ. ದೀಪ ಹಾಕಿದ ಮೇಲೆ ಹೋಗು. ಮೂರಕ್ಕೇ ಕತ್ತಲಾಗೋದರಿಂದ ಇದೊಂದು ಲಾಭ.

ನದಿ ಮೇಲೆ ಜನ ನಡೆಯೋದು ನೋಡಿ ನೀನೂ ಇಳಿಯಬೇಡ. ನವೆಂಬರ್, ಏಪ್ರಿಲ್‌ನಲ್ಲಂತೂ ಬೇಡವೇ ಬೇಡ. ಗೋಡೆ ಪಕ್ಕ ನಡೆಯುವಾಗ ಮೇಲೆ ನೋಡು, ಸೂರಿನಿಂದ ಐಸಿನ ಈಟಿಗಳು ಬೀಳುತ್ತವೆ. ಕೆಂಪು ಪಟ್ಟಿ ಕಟ್ಟಿದ್ದರೆ ಆಚೆ ದಾಟು.

ದೂರದ_ಬೆಣ್ಣೆದೋಸೆ • ಡಿಸೆಂಬರ್ 21

ಹದಿನಾಲ್ಕು ಸಲ ಬಿದ್ದೆ. ಕಡಲೂರಿನವರ ದಾಖಲೆ ಮುರಿದೆ.

ಗ್ರಂಥಾಲಯದ ಅಜ್ಜಿ ನನ್ನ ಲಾಡಿ ನೋಡಿ 'ಮಲದೆತ್ಸ್' ಅಂದರು. ಭೇಷ್ ಅಂತ ಅರ್ಥವಂತೆ. ಈ ಸೆಮಿಸ್ಟರ್‌ನಲ್ಲಿ ನನಗೆ ಯಾರಾದರೂ ಭೇಷ್ ಅಂದಿದ್ದು ಇದೇ ಮೊದಲು.

ಮೈಸೂರಿನ_ಅಮ್ಮ • ಡಿಸೆಂಬರ್ 21

ಮಗೂ, ಮೊಣಕಾಲಿಗೆ ಎಣ್ಣೆ ಹಚ್ಚಿಕೊ.

ಶರಾವತಿ_ಟು_ವೋಲ್ಗಾ • ಫೆಬ್ರವರಿ 17

ಎಲ್ಲರ ಗಮನಕ್ಕೆ: ಮಾಸ್ಲೆನಿತ್ಸ ವಾರ ಶುರುವಾಯಿತು. ಬ್ಲಿನಿ ಅಂದರೆ ಇವರ ತೆಳು ದೋಸೆ, ಮೊಟ್ಟೆ ಹಾಲು ಹಾಕಿದ್ದು. ಈ ವಾರ ಎಲ್ಲಿ ನೋಡಿದರೂ ಅದೇ. ಸ್ಮೆತಾನ ಅನ್ನುವ ಹುಳಿಕೆನೆ ಹಾಕಿಸಿಕೊಂಡು ತಿನ್ನಿ. ಭಾನುವಾರ ಹುಲ್ಲಿನ ಬೊಂಬೆ ಸುಡುತ್ತಾರೆ. ಚಳಿಗಾಲವನ್ನು ಕಳಿಸೋದು ಅಂತ. ನೋಡಿದರೆ ಕಾಮದಹನ ನೆನಪಾಗುತ್ತದೆ, ಸೌದೆ ಕದಿಯೋ ಹುಡುಗರು ಮಾತ್ರ ಇಲ್ಲ. ಸೋಮವಾರದಿಂದ ಪೋಸ್ನಯ ಮೆನು. ತಮ್ಮಾ, ನಿನ್ನ ಸೀಸನ್ ಬಂತು.

ದೂರದ_ಬೆಣ್ಣೆದೋಸೆ • ಮಾರ್ಚ್ 8

ಹೊಸ ಜಾಗ ನನ್ನ ಕಡೆಯಿಂದ: ಗೋರ್ಕಿನ್ಸ್ಕೊ-ಅಮೆತ್ಯೆವ್ಸ್ಕಿ ಕಾಡು. ಊರೊಳಗೇ ಇದೆ, ಮೆಟ್ರೊದಿಂದ ನಡೆದು ಹೋದೆ. ಹಿಮದ ಮೇಲೆ ಸ್ಕೀ ಮಾಡುವವರ ದಾರಿ, ಬರ್ಚ್ ಮರಗಳು, ಅಳಿಲು. ಬೆಂಚಿನ ಮೇಲೆ ಕೂತು ಡಬ್ಬಿಯ ಉಪ್ಪಿಟ್ಟು ತಿಂದೆ. ಅಷ್ಟು ಹೊತ್ತಿಗೆ ಅದು ಐಸ್‌ಕ್ರೀಂ ಆಗಿತ್ತು, ಆದರೂ ತಿಂದೆ.

ಆಮೇಲೆ ಕ್ಲಾಸಿನ ತತಾರ್ ಹುಡುಗ ಮನೆಗೆ ಕರೆದಿದ್ದ. ಅವನ ಅಜ್ಜಿ ನನ್ನ ಕಣ್ಣೆದುರೇ ಕಿಸ್ತಿಬಿ ಮಾಡಿದರು. ನಾನೂ ಲಟ್ಟಿಸಿದೆ. ನನ್ನದು ಭೂಪಟದ ಹಾಗೆ ಬಂತು. ಅಜ್ಜಿ ನಕ್ಕು ಅದರ ಅಂಚನ್ನು ತಟ್ಟೆ ಇಟ್ಟು ಕತ್ತರಿಸಿ ಗುಂಡಗೆ ಮಾಡಿದರು. ಚಟ್ನಿಪುಡಿ ಕೊಟ್ಟೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣು ಒರೆಸಿಕೊಂಡು, ಡಬ್ಬಿ ಇಲ್ಲೇ ಬಿಟ್ಟು ಹೋಗು ಅಂದರು.

ಬಿಟ್ಟು ಬಂದೆ. ಈಗ ನನ್ನ ಹತ್ತಿರ ಚಟ್ನಿಪುಡಿ ಇಲ್ಲ. ಯಾರ ಹತ್ತಿರವಾದರೂ ಇದೆಯಾ?

ಹುಬ್ಬಳ್ಳಿ_ಗಿರ್ಮಿಟ್ • ಮಾರ್ಚ್ 9

ಶೇಂಗಾ ಚಟ್ನಿ ಇದೆ, ಅರ್ಧ ಕೆಜಿ. ಕೊಡ್ತೀನಿ. ಯುನಿವರ್ಸಿಟಿ ಮುಂದಿನ 'ಸ್ಕವರೋತ್ಕ'ಗೆ ಬಾ, ಬುಧವಾರ ಒಂದಕ್ಕೆ.

ಹೊಸಬರಿಗೆ: ಅದು ಲೆನಿನ್ ಪ್ರತಿಮೆಯ ಎದುರಿನ ದುಂಡಗಿನ ಕಟ್ಟೆ. ವಿದ್ಯಾರ್ಥಿಗಳು ಇಟ್ಟ ಹೆಸರು 'ಕಾವಲಿ'. ಬಿಸಿಲು ಬಂದರೆ ಎಲ್ಲರೂ ಅದರ ಮೇಲೆ ದೋಸೆ ಥರ ಕೂರುತ್ತಾರೆ. ಪ್ರತಿಮೆಯಲ್ಲಿ ಇರೋದು ಗಡ್ಡ ಇಲ್ಲದ ಹುಡುಗ ಲೆನಿನ್. 1887ರಲ್ಲಿ ಇಲ್ಲಿ ಕಾನೂನು ಓದೋಕೆ ಸೇರಿ, ಅದೇ ಡಿಸೆಂಬರ್‌ನಲ್ಲಿ ಗಲಾಟೆ ಮಾಡಿ ಹೊರಬಿದ್ದ. ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಮ್ಮಿ ಬಂದಾಗ ನಾನು ಅವನ ಎದುರು ಹೋಗಿ ಕೂರ್ತೀನಿ.

ಶರಾವತಿ_ಟು_ವೋಲ್ಗಾ • ಮಾರ್ಚ್ 10

ಯುಗಾದಿ ಗುರುವಾರ ಬಿದ್ದಿದೆ, ಎಲ್ಲರಿಗೂ ಕ್ಲಾಸ್. ಭಾನುವಾರ 22ಕ್ಕೆ ನಮ್ಮ ಹಾಸ್ಟೆಲ್ ಅಡುಗೆಮನೆಯಲ್ಲಿ ಸೇರೋಣ. ಹೊರಗಿನವರನ್ನು ಎಂಟರವರೆಗೆ ಬಿಡುತ್ತಾರೆ, ಪಾಸ್‌ಪೋರ್ಟ್ ತನ್ನಿ. ಒಬ್ಬಟ್ಟು ನನ್ನದು, ಬಟಾಣಿ ಬೇಳೆಯದ್ದೇ. ಮುಂಚೆಯೇ ಹೇಳಿದ್ದೇನೆ, ಆಮೇಲೆ ಮುಖ ಸಿಂಡರಿಸಬೇಡಿ. ಬೇವು ಇಲ್ಲ. ಬೆಲ್ಲ ಯಾರ ಹತ್ತಿರ ಇದೆ?

ಕಡಲೂರಿನವ • ಮಾರ್ಚ್ 10

ನಮ್ಮ ರಂಜಾನ್ ಹಬ್ಬ ಶುಕ್ರವಾರ. ಹಾಗಾಗಿ ಭಾನುವಾರಕ್ಕೆ ಸೇಮಿಗೆ ಪಾಯಸ ನನ್ನ ಲೆಕ್ಕ. 'ಪೌತೀಂಕ' ಅಂತ ಜೇಡನ ಬಲೆ ಹೆಸರಿನ ಶಾವಿಗೆ ಸಿಗುತ್ತದೆ, ತುಪ್ಪದಲ್ಲಿ ಹುರಿದರೆ ವ್ಯತ್ಯಾಸವೇ ಗೊತ್ತಾಗಲ್ಲ.

ಮೈಸೂರಿನ_ಅಮ್ಮ • ಮಾರ್ಚ್ 10

ಬೆಲ್ಲ ನನ್ನ ಮಗಳ ಹತ್ತಿರ ಇದೆ, ಜನವರಿಯಲ್ಲಿ ಕಳಿಸಿದ್ದೇನೆ. ಅವಳನ್ನೂ ಕರೆಯಿರಿ. ಕಹಿಗೆ ಮೆಂತ್ಯ ಹುರಿದು ಪುಡಿ ಮಾಡಿ, ಬೇವಿನ ಬದಲು ನಡೆಯುತ್ತೆ.

ದೂರದ_ಬೆಣ್ಣೆದೋಸೆ • ಮಾರ್ಚ್ 11

ಚಿತ್ರಾನ್ನ ನಾನು. ಮಾವಿನಕಾಯಿ ಎಲ್ಲೂ ಸಿಗಲಿಲ್ಲ, ಹುಳಿ ಹಸಿರು ಸೇಬು ತುರಿದು ನೋಡಿದೆ, ಪರವಾಗಿಲ್ಲ. ಮೆಣಸಿನಕಾಯಿ ಒಲೆ ಆರಿಸಿದ ಮೇಲೆಯೇ ಹಾಕುತ್ತೇನೆ. ಗೇಟಿನ ಅಜ್ಜಿಯನ್ನೂ ಕರೆಯಲಾ? ಅವರ ಸೌತೆಕಾಯಿ ಬಾಟಲಿ ಇನ್ನೂ ವಾಪಸ್ ಕೊಟ್ಟಿಲ್ಲ.

ಶರಾವತಿ_ಟು_ವೋಲ್ಗಾ • ಮಾರ್ಚ್ 11

ಕರಿ. ಖಾಲಿ ಬಾಟಲಿ ಕೊಡಬೇಡ, ಅದರ ತುಂಬ ಪಾಯಸ ಹಾಕಿ ಕೊಡೋಣ. ತಟ್ಟೆ, ಲೋಟ ಎಲ್ಲರೂ ಅವರವರದೇ ತನ್ನಿ. ನಮ್ಮಲ್ಲಿ ಇರೋದು ಆರೇ.